ಶಾಲಾ ಗಾಲ್ಫ್ ಕಿಟ್: ಬೆಳಗಾವಿಯ ಮುರಂ ನೆಲದಲ್ಲಿ ಎಷ್ಟು ಬಾಳುತ್ತದೆ, ಎಷ್ಟು ಕಲಿಸುತ್ತದೆ

ಗಾಲಿ ಹಚ್ಚಿದ ಉದ್ದನೆಯ ಚೀಲ. ಒಳಗೆ ದಪ್ಪ ಪ್ಲಾಸ್ಟಿಕ್ ತಲೆಯ ಹತ್ತು ಚಿಪ್ಪರ್ (ಚೆಂಡನ್ನು ಎತ್ತಿ ಹೊಡೆಯುವ ಕೋಲು), ಹತ್ತು ಪಟರ್ (ಚೆಂಡನ್ನು ನೆಲದ ಮೇಲೆ ಉರುಳಿಸುವ ಕೋಲು), ಮೂವತ್ತು ಸ್ಪಂಜಿನ ಚೆಂಡು, ಹತ್ತು ಚಿಕ್ಕ ರಬ್ಬರ್ ಮ್ಯಾಟ್, ನೆಲದ ಮೇಲಿಡುವ ಒಂದಿಷ್ಟು ದೊಡ್ಡ ಬಳೆ (ಹೂಪ್), ಕೋನ್, ಅಂಟುವ ಬಟ್ಟೆಯ ಗುರಿಹಲಗೆ, ಚಿತ್ರ ಬರೆದ ಪಾಠದ ಕಾರ್ಡುಗಳು. ಶಾಲೆಗೆ ಹೋಗಿ ಗಾಲ್ಫ್ ಕಲಿಸುವ ಕ್ಲಬ್ ಪ್ರೊಗಳಿಗೆಂದು (ಗಾಲ್ಫ್ ಸಂಸ್ಥೆಯ ವೃತ್ತಿಪರ ತರಬೇತುದಾರರಿಗೆಂದು) ಮಾರುವ ಕಿಟ್ ಹೆಚ್ಚುಕಡಿಮೆ ಇಷ್ಟೇ. ಈ ಯೋಚನೆ ಹೊಸದಲ್ಲ. ಅಮೆರಿಕದ ಸ್ನ್ಯಾಗ್ ಪದ್ಧತಿಯಲ್ಲಿ ಲಾಂಚರ್, ರೋಲರ್ ಎಂಬ ಎರಡೇ ಕ್ಲಬ್ (ಹೊಡೆಯುವ ಕೋಲು) ಇವೆ, ಚೆಂಡು ಗುರಿಗೆ ಹೋಗಿ ಅಂಟಿಕೊಳ್ಳುತ್ತದೆ. ಬ್ರಿಟನ್ನಿನ ಶಾಲೆಗಳಲ್ಲಿ ಟ್ರೈ-ಗಾಲ್ಫ್ ಹೆಸರಿನಲ್ಲಿ ಇಂಥದ್ದೇ ಪ್ಲಾಸ್ಟಿಕ್ ಕ್ಲಬ್ ಬಳಕೆಯಲ್ಲಿವೆ. ಇಲ್ಲಿ ಪರೀಕ್ಷೆಗೆ ಹಿಡಿದಿರುವುದು ಒಂದು ಕಂಪನಿಯ ಮಾಲನ್ನಲ್ಲ, ಆ ಅಚ್ಚಿನಲ್ಲೇ ಬರುವ ಸಾಧಾರಣ ದರ್ಜೆಯ ಕಿಟ್ಟನ್ನು. ಬೆಳಗಾವಿಯ ಶಾಲಾ ಮೈದಾನ, ಬೆಳಗಾವಿಯ ಮಳೆ, 48 ಹುಡುಗರ ತರಗತಿ, ಒಬ್ಬ ಪಿ.ಇ. ಮೇಷ್ಟ್ರು ಮತ್ತು ಒಬ್ಬ ಪ್ರೊ ಇಲ್ಲಿನ ಅಳತೆಗೋಲು.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಿಟ್ ಹೊಡೆಯುವುದನ್ನು ಚೆನ್ನಾಗಿ ಕಲಿಸುತ್ತದೆ, ಆಟವನ್ನು ಕಲಿಸುವುದಿಲ್ಲ. ಚೀಲದಲ್ಲಿ ಕುಳಿಯೂ ಇಲ್ಲ, ಸ್ಕೋರ್ ಕಾರ್ಡೂ ಇಲ್ಲ. ಅವೆರಡನ್ನೂ ಪ್ರೊ ತಾನೇ ಒದಗಿಸಿಕೊಂಡರೆ ಇದು ಕೊಟ್ಟ ದುಡ್ಡಿಗೆ ಮೋಸವಿಲ್ಲದ ವಸ್ತು. ಇಲ್ಲವಾದರೆ ನಾಲ್ಕನೇ ವಾರಕ್ಕೆ ಹುಡುಗರು ಪಟರನ್ನು ಹಾಕಿ ಆಟದ ಸ್ಟಿಕ್ ಮಾಡಿಕೊಂಡು ಮೈದಾನದ ತುಂಬ ಓಡಾಡುತ್ತಿರುತ್ತಾರೆ.

ಒಳ್ಳೆಯದರಿಂದ ಶುರು ಮಾಡೋಣ. ಚಿಪ್ಪರ್ ತಲೆ ದೊಡ್ಡದು, ಹಗುರ. ಹಿಡಿಕೆಯ ಮೇಲೆ ಎರಡು ಬಣ್ಣದ ಗುರುತು ಇವೆ, ಒಂದು ಎಡಗೈಗೆ, ಒಂದು ಬಲಗೈಗೆ. ಮೂರನೇ ತರಗತಿಯ ಮಗುವಿಗೆ ಗ್ರಿಪ್ ಹಿಡಿಸಲು ಪ್ರೊ ಎರಡು ನಿಮಿಷ ಕೈ ಹಿಡಿದು ತಿದ್ದಬೇಕಾದ ಕೆಲಸ ಇಲ್ಲಿ ಹತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಈ ಬಣ್ಣಗಳು ಅಂಜಿಕೆ ಕಳೆಯುತ್ತವೆ. ಬೆಳಗಾವಿಯಲ್ಲಿ ಗಾಲ್ಫ್ ಎಂದರೆ ಕ್ಯಾಂಪ್ (ಸೇನೆಯ ದಂಡು ಪ್ರದೇಶ) ಕಡೆಯ, ಗೇಟಿನೊಳಗಿನ, ಸಾಹೇಬರ ಆಟ ಎಂಬ ಮಾತು ಹಳೆಯದು. ಹೊಳೆಯುವ ಉಕ್ಕಿನ ಸೆಟ್ ತಂದು ಶಾಲೆಯ ಕಟ್ಟೆಯ ಮೇಲಿಟ್ಟರೆ ಮೇಷ್ಟ್ರೇ ಮುಟ್ಟಲು ಹಿಂಜರಿಯುತ್ತಾರೆ. ಪ್ಲಾಸ್ಟಿಕ್ ಕಂಡರೆ ಹುಡುಗರು ಕೇಳದೆಯೇ ಎತ್ತಿಕೊಳ್ಳುತ್ತಾರೆ.

ಸ್ಪಂಜಿನ ಚೆಂಡು ತಾಗಿದರೆ ನೋವಿಲ್ಲ, ಕಿಟಕಿ ಗಾಜಿಗೂ ಭಯವಿಲ್ಲ. ನಿಜವಾದ ಗಾಲ್ಫ್ ಚೆಂಡಿನ ತೂಕ ಗರಿಷ್ಠ 45.93 ಗ್ರಾಂ, ವ್ಯಾಸ ಕನಿಷ್ಠ 42.67 ಮಿ.ಮೀ. ಅಷ್ಟು ಚಿಕ್ಕದು, ಅಷ್ಟು ಗಟ್ಟಿಯದು ತಲೆಗೆ ಬಿದ್ದರೆ ಕಾರ್ಯಕ್ರಮ ಅವತ್ತಿಗೇ ಮುಗಿಯಿತು. ಶಾಲೆಯ ಆಡಳಿತ ಮಂಡಳಿ ಕೇಳುವ ಮೊದಲ ಪ್ರಶ್ನೆಯೂ ಇದೇ ಇರುತ್ತದೆ, ಆ ಪ್ರಶ್ನೆಗೆ ಕಿಟ್ ಒಳ್ಳೆಯ ಉತ್ತರ.

ಇನ್ನು ತಕರಾರು. ಮೊದಲನೆಯದು ಮುರಿಯುವ ಜಾಗ. ಈ ಕ್ಲಬ್ಬುಗಳು ಒಂದೇ ಕಡೆ ಮುರಿಯುತ್ತವೆ: ಶಾಫ್ಟು, ಅಂದರೆ ಕೋಲಿನ ಉದ್ದನೆಯ ದಂಡ, ತಲೆಯೊಳಗೆ ಇಳಿಯುವ ಕುತ್ತಿಗೆಯಲ್ಲಿ. ಹುಡುಗರು ಜೋರಾಗಿ ಹೊಡೆಯುತ್ತಾರೆ, ಅದಕ್ಕೇ ಮುರಿಯಿತು ಎಂದು ಎಲ್ಲರೂ ಹೇಳುತ್ತಾರೆ. ತಪ್ಪು. ಮುರಿಸುವುದು ಕಿಟ್ಟಿನ ಜೊತೆಗೇ ಬರುವ ಮ್ಯಾಟ್. ಅದು ಒಂದು ಅಡಿ ಚೌಕದ್ದು, ಅಂಚು ದಪ್ಪ. ಕಲಿಯುವ ಮಗುವಿನ ಸ್ವಿಂಗ್ ನೆಲ ಮುಟ್ಟುವ ಜಾಗ ಪ್ರತಿ ಸಲವೂ ನಾಲ್ಕಾರು ಇಂಚು ಹಿಂದೆಮುಂದೆ ಆಗುತ್ತದೆ. ಚೆಂಡಿಗಿಂತ ಹಿಂದೆ ಇಳಿದ ತಲೆ ಮ್ಯಾಟಿನ ಅಂಚಿಗೆ ಒದ್ದು, ತಿರುಚಿಕೊಂಡು ಮುಂದೆ ಹೋಗುತ್ತದೆ. ಆ ತಿರುಚು ನೂರಾರು ಸಲ ಬಿದ್ದ ಮೇಲೆ ಕುತ್ತಿಗೆಯ ಹಿಮ್ಮಡಿ ಕಡೆ ಕೂದಲೆಳೆಯಷ್ಟು ಬಿಳಿ ಗೆರೆ ಕಾಣಿಸುತ್ತದೆ. ಗೆರೆ ಕಂಡ ಕ್ಲಬ್ಬನ್ನು ಅವತ್ತೇ ಬದಿಗಿಡಬೇಕು, ಇಲ್ಲದಿದ್ದರೆ ಮುಂದಿನ ವಾರ ತಲೆ ಹಾರಿಹೋಗುತ್ತದೆ. ಸ್ಪಂಜಿನ ಚೆಂಡು ಯಾರಿಗೂ ನೋವು ಮಾಡದಿರಬಹುದು, ಹಾರಿದ ತಲೆಯ ಮಾತು ಬೇರೆ.

ಮದ್ದು ಅಗ್ಗದ್ದು. ದನದ ಕೊಟ್ಟಿಗೆಗೆ ಹಾಸುವ ರಬ್ಬರ್ ಮ್ಯಾಟ್ ಹೈನುಗಾರಿಕೆ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಅಗಲ ಸುಮಾರು 4 ಅಡಿ, ಉದ್ದ ಆರೂವರೆ ಅಡಿ. ಅದನ್ನು ನಾಲ್ಕು ತುಂಡು ಮಾಡಿದರೆ ಒಂದೊಂದೂ ಮೂರು ಅಡಿಗಿಂತ ಉದ್ದ, ಎರಡು ಅಡಿ ಅಗಲ ಬರುತ್ತದೆ. ಉದ್ದನೆಯ ಬದಿಯನ್ನು ಗುರಿಯತ್ತ ಹಾಸಿ ಚೆಂಡನ್ನು ನಡುವೆ ಇಟ್ಟರೆ ಸ್ವಿಂಗಿನ ದಾರಿಯಲ್ಲಿ ಅಂಚೇ ಸಿಗುವುದಿಲ್ಲ. ಭಾರವಿರುವುದರಿಂದ ಜಾರುವುದೂ ಇಲ್ಲ. ಕಿಟ್ಟಿನ ಮ್ಯಾಟ್ ಮುರಂ ದೂಳಿನ ಮೇಲೆ ಎರಡು ಹೊಡೆತಕ್ಕೆ ಜಾಗ ಬಿಡುತ್ತದೆ. ಅದಕ್ಕೆ ಮೊಳೆ ಹೊಡೆದು ಕೂರಿಸುವ ಬುದ್ಧಿವಂತಿಕೆ ಬೇಡ. ಬರಿಗಾಲಿನ ಹುಡುಗರಿರುವ ಮೈದಾನ ಅದು.

ಮುರಿದದ್ದನ್ನು ರಿಪೇರಿ ಮಾಡುವ ಮೊದಲು ಪ್ಲಾಸ್ಟಿಕ್ ಯಾವುದೆಂದು ತಿಳಿಯಬೇಕು. ಒಡೆದ ಚೂರೊಂದನ್ನು ನೀರಿನ ಬಕೆಟ್ಟಿಗೆ ಹಾಕಿ. ತೇಲಿದರೆ ಅದು ಪಾಲಿಪ್ರೊಪಿಲೀನ್ ಜಾತಿಯದು, ಅದಕ್ಕೆ ಎಪಾಕ್ಸಿ ಅಂಟು ಹಿಡಿಯುವುದಿಲ್ಲ. ಹಚ್ಚಿದ ದಿನ ಗಟ್ಟಿಯಾಗಿ ಕಾಣುತ್ತದೆ, ಮೊದಲ ಹೊಡೆತಕ್ಕೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಮುಳುಗಿದರೆ ಎಬಿಎಸ್ ಎಂಬ ಪ್ಲಾಸ್ಟಿಕ್ ಇರುವ ಸಂಭವ ಹೆಚ್ಚು, ಅದು ಅಂಟನ್ನು ಹಿಡಿಯುತ್ತದೆ. ಆದರೆ ಒರೆಸಲು ಥಿನ್ನರ್ ಮುಟ್ಟಿಸಬೇಡಿ, ಎಬಿಎಸ್ ಅದಕ್ಕೆ ಕರಗುತ್ತದೆ. ಶಾಫ್ಟಿನ ತುದಿಯನ್ನೂ ತಲೆಯ ತೂತನ್ನೂ ಮರಳು ಕಾಗದದಲ್ಲಿ ಒರಟು ಮಾಡಿ, ಒಣಬಟ್ಟೆಯಲ್ಲಿ ಒರೆಸಿ, ಐದು ನಿಮಿಷದ್ದಲ್ಲದ ನಿಧಾನದ ಎಪಾಕ್ಸಿ ಹಾಕಿ 24 ಗಂಟೆ ಬಿಡಬೇಕು. ತೇಲುವ ಜಾತಿಯ ತಲೆಗಾದರೆ ಅಡ್ಡ ಪಿನ್ನೇ ದಾರಿ: 3 ಮಿ.ಮೀ. ತೂತು ಕೊರೆದು ಸ್ಟೇನ್‌ಲೆಸ್ ಪಿನ್ ಹೊಡೆದು ಎರಡೂ ಬದಿ ಸಮ ಮಾಡುವುದು. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಲೇಥ್ ಇಟ್ಟುಕೊಂಡ ಯಾರಿಗೂ ಇದು ಚಹಾ ಕುಡಿಯುವಷ್ಟರಲ್ಲಿ ಆಗುವ ಕೆಲಸ. ಫೌಂಡ್ರಿ, ಮಷೀನ್ ಶಾಪುಗಳ ಊರಿನಲ್ಲಿದ್ದುಕೊಂಡು ಬಿಡಿಭಾಗಕ್ಕೆ ತಿಂಗಳುಗಟ್ಟಲೆ ಕಾಯುವುದು ನಗೆಪಾಟಲು. ಶಾಫ್ಟೇ ಫೈಬರ್ ಗ್ಲಾಸಿನದಾಗಿದ್ದು ಸೀಳು ಬಿಟ್ಟಿದ್ದರೆ ಮಾತ್ರ ರಿಪೇರಿ ಬೇಡ, ಎಸೆಯಿರಿ. ಅದರ ಎಳೆಗಳು ಅಂಗೈಗೆ ಚುಚ್ಚಿಕೊಂಡರೆ ತೆಗೆಯುವುದು ಕಷ್ಟ.

ಅಂಟುವ ಗುರಿಹಲಗೆಯ ಗತಿ ಇನ್ನೂ ಬೇಗ ಕೆಡುತ್ತದೆ. ಕೆಂಪು ದೂಳು ಕೊಕ್ಕೆಗಳ ನಡುವೆ ತುಂಬಿಕೊಂಡು ಎರಡು ವಾರಕ್ಕೆ ಚೆಂಡು ಅಂಟುವುದನ್ನೇ ಬಿಡುತ್ತದೆ. ಒದ್ದೆಬಟ್ಟೆಯಲ್ಲಿ ಒರೆಸಿದರೆ ದೂಳು ಕೆಸರಾಗಿ ಇನ್ನಷ್ಟು ಕೂರುತ್ತದೆ. ಒಣ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಉಜ್ಜಿ, ಹೇನಿನ ಬಾಚಣಿಗೆಯಿಂದ ಕಸ ಕೀಳಬೇಕು. ಪ್ರತಿ ಶನಿವಾರ ಹತ್ತು ನಿಮಿಷ. ಮಳೆಗಾಲದಲ್ಲಿ ಹಲಗೆಯೂ ಸ್ಪಂಜೂ ಒದ್ದೆಯಾಗಿ ಚೀಲದೊಳಗೇ ಉಳಿದರೆ ಬೂಷ್ಟು ಹಿಡಿಯುವುದು ಖಾತ್ರಿ. ಚೀಲದ ತಳಕ್ಕೆ ನಾಲ್ಕು ತೂತು ಹಾಕಿ ಗಾಳಿಯಾಡಲು ಬಿಡುವುದು ಕಂಪನಿಯವರೇ ಮಾಡಬೇಕಾಗಿದ್ದ ಕೆಲಸ.

ಬೆಳಗಾವಿಯಲ್ಲಿ ಶಾಲೆ ಶುರುವಾಗುವುದು, ಮಳೆ ಹಿಡಿಯುವುದು ಒಟ್ಟಿಗೇ. ಜೂನ್‌ನಿಂದ ಸೆಪ್ಟೆಂಬರ್ ತನಕ ಘಟ್ಟದ ಕಡೆಯಿಂದ ಗಾಳಿ ಬೇರೆ. ಸ್ಪಂಜಿನ ಚೆಂಡಿಗೆ ಆ ಗಾಳಿ ಆಗಿಬರುವುದಿಲ್ಲ, ನೇರ ಹೊಡೆದದ್ದೂ ಪಕ್ಕದ ಗುಂಪಿನ ಕಾಲಡಿ ಬೀಳುತ್ತದೆ. ಮಗುವಿಗೆ ತಾನು ಸರಿಯಾಗಿ ಹೊಡೆದೆನೋ ಇಲ್ಲವೋ ಎಂಬುದೇ ತಿಳಿಯದೆ ಹೋಗುತ್ತದೆ. ಹಾಗಾಗಿ ಮಳೆಯ ತಿಂಗಳುಗಳಲ್ಲಿ ಸಭಾಂಗಣದೊಳಗೆ ಪಟಿಂಗ್ ಮಾತ್ರ, ಚಿಪ್ಪಿಂಗ್ ಅಕ್ಟೋಬರ್‌ನಿಂದ. ಬಾಗಲಕೋಟೆ, ವಿಜಯಪುರದ ಕಡೆ ಲೆಕ್ಕವೇ ತಿರುಗುಮುರುಗು. ಅಲ್ಲಿ ಮಳೆಗಿಂತ ಬಿಸಿಲಿನ ಕಾಟ. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಟ್ಟ ಚೀಲದೊಳಗೆ ಪ್ಲಾಸ್ಟಿಕ್ ತಲೆ ಸೊಟ್ಟಗಾಗಬಹುದು. ಎರೆ ಮಣ್ಣಿನ ಮೈದಾನ ಬಿರುಕು ಬಿಟ್ಟಾಗ ಚಿಕ್ಕ ಚೆಂಡು ಬಿರುಕಿನೊಳಗೆ ಇಳಿಯುತ್ತದೆ, ಹಸಿಯಿದ್ದಾಗ ಕ್ಲಬ್ಬಿಗೂ ಚಪ್ಪಲಿಗೂ ಸೇರುಗಟ್ಟಲೆ ಮೆತ್ತಿಕೊಳ್ಳುತ್ತದೆ. ಅಲ್ಲಿ ಬೆಳಿಗ್ಗೆ ಆರೂವರೆಯಿಂದ ಎಂಟರೊಳಗೆ, ಸಿಮೆಂಟ್ ಹಾಕಿದ ಅಂಗಳವಿದ್ದರೆ ಅಲ್ಲೇ, ಮುಗಿಸಿಬಿಡಬೇಕು.

ಎರಡನೇ ತಕರಾರು ಎಡಗೈಯವರದು. ಹತ್ತು ಚಿಪ್ಪರಿನಲ್ಲಿ ಎಡಗೈಯವು ಎರಡು. ಪಟರಿಗೆ ಎರಡೂ ಬದಿ ಮುಖವಿದೆ, ಅಲ್ಲಿ ತೊಂದರೆಯಿಲ್ಲ. ಬರೆಯುವ ಕೈ ನೋಡಿ ಎರಡು ಸಾಕೆಂದು ಲೆಕ್ಕ ಹಾಕಿದವರಿಗೆ ನಮ್ಮ ಹುಡುಗರು ಕ್ರಿಕೆಟ್ ಆಡುತ್ತಾರೆ ಎಂಬುದು ಗೊತ್ತಿಲ್ಲ. ಬಲಗೈಯಲ್ಲಿ ಬರೆದು ಎಡಗೈ ಬ್ಯಾಟಿಂಗ್ ಮಾಡುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ, ಅವರು ಕೇಳುವುದು ಎಡಗೈ ಕ್ಲಬ್ಬನ್ನೇ. ಆರ್ಡರ್ ಹಾಕುವಾಗಲೇ ನಾಲ್ಕು ಎಡಗೈ, ಆರು ಬಲಗೈ ಎಂದು ಬದಲಿಸಿಕೊಡಿ ಎಂದು ಕೇಳಿ, ಬಹಳ ಮಂದಿ ಮಾರಾಟಗಾರರು ಒಪ್ಪುತ್ತಾರೆ.

ಎಡಗೈಯವರನ್ನು ನಿಲ್ಲಿಸುವ ಜಾಗವೂ ಮುಖ್ಯ. ಗುರಿಯ ಕಡೆ ಮುಖ ಮಾಡಿ ನೋಡಿದಾಗ ಸಾಲಿನ ಬಲತುದಿಗೆ ಅವರು. ಆಗ ಅವರೂ ಪಕ್ಕದ ಬಲಗೈ ಹುಡುಗನೂ ಎದುರುಬದುರು ನಿಲ್ಲುತ್ತಾರೆ, ಒಬ್ಬರ ಸ್ವಿಂಗ್ ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ. ಎದುರುಬದುರಾದಾಗ ಇಬ್ಬರ ಕ್ಲಬ್ಬೂ ನಡುವಿನ ಜಾಗದಲ್ಲೇ ಬೀಸುವುದರಿಂದ ಅಲ್ಲಿ ಮಾತ್ರ ಅಂತರ ಇಮ್ಮಡಿ ಇರಬೇಕು. ಉಳಿದವರಿಗೆ 3 ಮೀಟರ್. ಖೋ-ಖೋ ಅಂಕಣದ 16 ಮೀಟರ್ ಅಗಲದಲ್ಲಿ ಐವರು ಸರಾಗವಾಗಿ ನಿಲ್ಲುತ್ತಾರೆ, 27 ಮೀಟರ್ ಉದ್ದ ಸ್ಪಂಜಿನ ಚೆಂಡಿಗೆ ಧಾರಾಳ. ಚೆಂಡು ಹೆಕ್ಕಲು ಯಾರೂ ತಮ್ಮಷ್ಟಕ್ಕೆ ತಾವು ಹೋಗಕೂಡದು. ಎಲ್ಲರೂ ಕ್ಲಬ್ ನೆಲಕ್ಕಿಟ್ಟ ಮೇಲೆ ಒಂದೇ ಸೀಟಿ, ಆಮೇಲೆ ಎಲ್ಲರೂ ಒಟ್ಟಿಗೆ. ಈ ಒಂದು ಶಿಸ್ತನ್ನು ಕಾರ್ಡಿನ ಕೆಳಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಮುದ್ರಿಸಿದ್ದಾರೆ. ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಇರಬೇಕಾದದ್ದು ಅದು.

ಮೂರನೆಯದು ಚೀಲದ ಮೇಲಿನ ಹೇಳಿಕೆ: ಇಡೀ ತರಗತಿ ಒಮ್ಮೆಗೇ ಆಡಬಹುದು. 20 ಕ್ಲಬ್ಬಿಗೆ ಇಡೀ ತರಗತಿ ಎಂದರೆ ಯಾವ ಊರಿನ ತರಗತಿ? 48 ಮಕ್ಕಳನ್ನು ನಾಲ್ಕು ಜಾಗಕ್ಕೆ ಹಂಚಿ: ಎರಡು ಕಡೆ ಚಿಪ್ಪಿಂಗ್, ಎರಡು ಕಡೆ ಪಟಿಂಗ್. ಜಾಗಕ್ಕೆ 12 ಮಕ್ಕಳು, 5 ಕ್ಲಬ್. ಮಕ್ಕಳನ್ನು ಜೋಡಿ ಮಾಡಿ. ಒಬ್ಬರು ಮೂರು ಚೆಂಡು ಹೊಡೆಯಲು 30 ಸೆಕೆಂಡು, ಜೊತೆಗಾರರಿಗೆ 30, ಹೆಕ್ಕಿ ತರಲು 40. ಸುತ್ತಿಗೆ 100 ಸೆಕೆಂಡು. ಎಂಟು ನಿಮಿಷದಲ್ಲಿ ನಾಲ್ಕು ಸುತ್ತು ನಿರಾತಂಕವಾಗಿ ಆಗುತ್ತವೆ. ಆರು ಜೋಡಿಗೆ ಐದೇ ಕ್ಲಬ್ ಇರುವುದರಿಂದ ಒಂದೊಂದು ಜೋಡಿ ಸರದಿಯಂತೆ ಚೆಂಡು ಹೆಕ್ಕುತ್ತದೆ, ಹಾಗಾಗಿ ಒಬ್ಬರಿಗೆ ಸರಾಸರಿ 10 ಹೊಡೆತ. ನಾಲ್ಕೂ ಜಾಗ ಸುತ್ತಿದರೆ 40 ನಿಮಿಷದ ಪಿರಿಯಡ್‌ನಲ್ಲಿ 40 ಹೊಡೆತ. ಇದು ಒಳ್ಳೆಯ ಸಂಖ್ಯೆ. ಪ್ರೊ ಸಾಹೇಬರು ಗಾಲ್ಫಿನ ಇತಿಹಾಸ ಹೇಳುತ್ತ ಹದಿನೈದು ನಿಮಿಷ ನಿಂತರೆ ಅರ್ಧಕ್ಕೆ ಇಳಿಯುತ್ತದೆ. ಇತಿಹಾಸ ಮಳೆ ಬಂದ ದಿನಕ್ಕಿರಲಿ.

ಈ ಲೆಕ್ಕಕ್ಕೆ 60 ಚೆಂಡು ಬೇಕು, ಕಿಟ್ಟಿನಲ್ಲಿ ಇರುವುದು 30. ಉಳಿದ 30ನ್ನು ಕೊಳ್ಳಬೇಕಿಲ್ಲ. ರೋಮ ಉದುರಿದ ಟೆನಿಸ್ ಚೆಂಡು ಗಲ್ಲಿ ಗಲ್ಲಿಯಲ್ಲಿ ಬಿದ್ದಿರುತ್ತವೆ, ಪಟಿಂಗ್‌ಗೆ ಅವೇ ವಾಸಿ, ಸ್ಪಂಜಿಗಿಂತ ನೇರ ಉರುಳುತ್ತವೆ.

ಜೋಡಿಯಲ್ಲಿ ಕಾಯುತ್ತಿರುವ ಮಗು ಏನು ಮಾಡಬೇಕು ಎಂಬುದಕ್ಕೆ ಕಿಟ್ಟಿನ ಕಾರ್ಡುಗಳಲ್ಲಿ ಉತ್ತರವಿಲ್ಲ. ಗಾಲ್ಫಿನ ನಿಯಮದಲ್ಲೇ ಉತ್ತರವಿದೆ. ಸ್ಟ್ರೋಕ್ ಪ್ಲೇನಲ್ಲಿ (ಒಟ್ಟು ಹೊಡೆತ ಎಣಿಸುವ ಆಟದಲ್ಲಿ) ಆಟಗಾರನ ಅಂಕ ಬರೆಯುವವನು ಮಾರ್ಕರ್, ಇನ್ನೊಬ್ಬ. ಕೊನೆಗೆ ಇಬ್ಬರೂ ಸಹಿ ಹಾಕಬೇಕು. ಕಾಯುವ ಮಗುವಿನ ಕೈಗೆ ಒಂದು ಚೀಟಿ, ತುಂಡು ಪೆನ್ಸಿಲ್ ಕೊಡಿ. ಹೊಡೆತದ ಸಂಖ್ಯೆ ಇದರಿಂದ ಹೆಚ್ಚುವುದಿಲ್ಲ, ಆದರೆ ಕಾಯುವ ಕೈಗೆ ಕೆಲಸ ಸಿಗುತ್ತದೆ. ಇನ್ನೊಬ್ಬನ ಅಂಕವನ್ನು ನ್ಯಾಯವಾಗಿ ಬರೆದು ಸಹಿ ಹಾಕುವುದು ಈ ಆಟದ ಅರ್ಧ ಭಾಗ. ಕ್ರಿಕೆಟ್ಟಿನಲ್ಲಿ ಅಂಪೈರನ ಜೊತೆ ಜಗಳಾಡಿ ಬೆಳೆದ ಹುಡುಗರಿಗೆ ಮೊದಲೆರಡು ವಾರ ಇದು ವಿಚಿತ್ರ ಅನಿಸುತ್ತದೆ, ಮೂರನೇ ವಾರಕ್ಕೆ ಗೆಳೆಯನ ಒಂದು ಹೊಡೆತ ಬಿಟ್ಟುಹೋದರೂ ತಾವೇ ನೆನಪಿಸುತ್ತಾರೆ.

ಅಂಕ ಬರೆಯಬೇಕಾದರೆ ಕುಳಿ ಬೇಕು. ಕಿಟ್ಟಿನ ಬಳೆಗಳು ಮೂರಡಿ ಅಗಲ, ಅದರೊಳಗೆ ಹಾಕುವುದು ಬಾವಿಗೆ ಕಲ್ಲು ಹಾಕಿದ ಹಾಗೆ. ನಿಜವಾದ ಕುಳಿಯ ವ್ಯಾಸ 108 ಮಿ.ಮೀ., ಆಳ ಕನಿಷ್ಠ 101.6 ಮಿ.ಮೀ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ 110 ಮಿ.ಮೀ. ಪಿವಿಸಿ ಪೈಪು ಹೊರಗಿನಿಂದ 110, ಒಳಗೆ 108ಕ್ಕಿಂತ ಸ್ವಲ್ಪ ಕಡಿಮೆ. ಆರು ತುಂಡು, ಒಂದೊಂದೂ 11 ಸೆಂ.ಮೀ. ಕತ್ತರಿಸಿ, ಅಂಚು ಉಜ್ಜಿ, ಮೇಲಿನ ಅಂಚು ನೆಲಕ್ಕಿಂತ ಬೆರಳು ಉಗುರಿನಷ್ಟು ಕೆಳಗಿರುವಂತೆ ಹೂಳಿದರೆ ಕುಳಿ ಸಿದ್ಧ. ಪಟ್ ಹಾಕಲು ಸಮನಾದ ನೆಲವೂ ಬೇಕು. ಹುಲ್ಲಿನ ಗ್ರೀನ್ (ಕುಳಿಯ ಸುತ್ತಲಿನ ನುಣುಪಾದ ಅಂಗಳ) ಕನಸು ಬೇಡ. ನಮ್ಮ ದೇಶದ ಒಣ ಸೀಮೆಯ ಕೋರ್ಸುಗಳಲ್ಲಿ ಗ್ರೀನಿನ ಬದಲು ಬ್ರೌನ್ ಇರುತ್ತದೆ, ಮರಳಿಗೆ ಎಣ್ಣೆ ಬೆರೆಸಿ ಸಮತಟ್ಟು ಮಾಡಿದ ಅಂಗಳ. ಶಾಲೆಯ ನೆಲಕ್ಕೆ ಎಣ್ಣೆ ಸುರಿಯಬಾರದು, ಮಣ್ಣು ಕೆಡುತ್ತದೆ. ಅದರ ಅಗತ್ಯವೂ ಇಲ್ಲ. ಸುಗ್ಗಿಗೆ ಮುಂಚೆ ಕಣ ಮಾಡುವ ವಿದ್ಯೆ ಈ ಜಿಲ್ಲೆಗಳಲ್ಲಿ ಇನ್ನೂ ಬದುಕಿದೆ. ಕಸಕಲ್ಲು ಆರಿಸಿ, ನೀರು ಹನಿಸಿ, ರೋಣಗಲ್ಲು ಉರುಳಿಸಿ, ಸೆಗಣಿ ಸಾರಿಸಿ ಎರಡು ದಿನ ಒಣಗಲು ಬಿಟ್ಟರೆ ನಾಲ್ಕು ಮೀಟರ್ ಅಗಲದ ಪಟಿಂಗ್ ಅಂಗಳ. ಅದರ ಮೇಲೆ ನಿಜವಾದ ಗಾಲ್ಫ್ ಚೆಂಡು ತೊಡಕಿಲ್ಲದೆ ಉರುಳುತ್ತದೆ. ವಾರಕ್ಕೊಮ್ಮೆ ಗುಡಿಸಿ, ತಿಂಗಳಿಗೊಮ್ಮೆ ಮತ್ತೆ ಸಾರಿಸಿದರಾಯಿತು.

ಹೀಗೆ 20ರಿಂದ 40 ಮೀಟರ್ ಉದ್ದದ ಆರು ಕುಳಿಗಳ ಪುಟ್ಟ ಕೋರ್ಸ್ ಆದ ದಿನ ಕಿಟ್ಟಿನ ಮಾನ ಉಳಿಯುತ್ತದೆ.

ಹೊಡೆತದ ಪಾಠಕ್ಕೆ ಕಾರ್ಡುಗಳು ಪರವಾಗಿಲ್ಲ. ಗಡಿಯಾರದ ಚಿತ್ರ ಬಳಸಿ 7ರಿಂದ 5, 8ರಿಂದ 4, 9ರಿಂದ 3 ಎಂದು ಸ್ವಿಂಗಿನ ಉದ್ದ ಹೇಳಿಕೊಡುವುದು ಸರಿಯಾದ ಕ್ರಮ. ಆದರೆ ನಮ್ಮ ಮಕ್ಕಳಲ್ಲಿ ಎದ್ದು ಕಾಣುವ ತಪ್ಪು ಅವುಗಳಲ್ಲಿ ಇಲ್ಲ. ಸಿಕ್ಸರ್ ಹೊಡೆದು ಅಭ್ಯಾಸವಿರುವ ಹುಡುಗ ಚೆಂಡನ್ನು ತಾನೇ ಮೇಲಕ್ಕೆ ಎತ್ತಲು ನೋಡುತ್ತಾನೆ. ಮೈ ಹಿಂದಕ್ಕೆ ವಾಲುತ್ತದೆ, ಬಲಗೈ ಮಣಿಕಟ್ಟು ಚಮಚದ ಹಾಗೆ ಮಡಚುತ್ತದೆ, ಕ್ಲಬ್ ಚೆಂಡಿನ ನೆತ್ತಿಗೆ ತಾಗಿ ಅದು ನೆಲದ ಮೇಲೇ ಓಡುತ್ತದೆ. ಎತ್ತುವ ಕೆಲಸ ಕ್ಲಬ್ಬಿನ ಮುಖದ ಓರೆಯದು ಎಂದು ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ. ಚೆಂಡೇ ಇಡದೆ ಮ್ಯಾಟಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಗೆರೆಯ ಮುಂದಿನ ದೂಳನ್ನು ಕ್ಲಬ್ಬಿನಿಂದ ಗುಡಿಸಿ ಎನ್ನಿ. ಗೆರೆಯ ಹಿಂದೆ ಗುಡಿಸಿದರೆ ಮೈ ವಾಲಿದೆ ಎಂದರ್ಥ. ಹತ್ತು ಸಲ ಗುಡಿಸಿದ ಮೇಲೆ ಗೆರೆಯ ಮೇಲೆ ಚೆಂಡಿಟ್ಟರೆ ಅದು ತಾನಾಗಿ ಏಳುತ್ತದೆ.

ವಯಸ್ಸಿನ ಮಿತಿಯನ್ನೂ ಹೇಳಬೇಕು. ಒಂದರಿಂದ ಆರನೇ ತರಗತಿವರೆಗೆ ಕಿಟ್ ಸರಿ. ಎಂಟನೆಯವರ ಕೈಗೆ ಕೊಟ್ಟರೆ ಆಟಿಕೆ ಕೊಟ್ಟರೆಂದು ನಗುತ್ತಾರೆ, ನಗುವುದು ಸರಿಯೇ. ಅವರಿಗೆ ನಾಲ್ಕಾರು ಹಳೆಯ 7 ಐರನ್ನೂ (ಉಕ್ಕಿನ ತಲೆಯ, ಮಧ್ಯಮ ದೂರದ ಕ್ಲಬ್) ತೂತಿನ ಪ್ಲಾಸ್ಟಿಕ್ ಚೆಂಡೂ ಸಾಕು. ಹಳೆಯ ಕ್ಲಬ್ ಸಿಕ್ಕರೆ ಮೊದಲು ಹಿಡಿಕೆ ಬದಲಿಸಿ. ಕೊಕ್ಕೆ ಬ್ಲೇಡಿನಿಂದ ಹಳೆಯದನ್ನು ಸೀಳಿ ತೆಗೆದು, ಟೇಪಿನ ಅಂಟು ಪೂರ್ತಿ ಕೆರೆದು, ಎರಡೂ ಬದಿ ಅಂಟಿನ ಟೇಪನ್ನು ತುದಿಗಿಂತ ಅರ್ಧ ಇಂಚು ಹೆಚ್ಚಿಗೆ ಸುತ್ತಿ ಶಾಫ್ಟಿನ ಬಾಯೊಳಗೆ ಮಡಚಬೇಕು. ಹೊಸ ಹಿಡಿಕೆಯ ತುದಿಯ ತೂತಿಗೆ ಟೀ (ಚೆಂಡು ಕೂರಿಸುವ ಚಿಕ್ಕ ಗೂಟ) ಸಿಕ್ಕಿಸಿ ಒಳಗೆ ಬಣ್ಣದಂಗಡಿಯ ಟರ್ಪೆಂಟೈನ್ ಹಾಕಿ ಕುಲುಕಿ, ಅದನ್ನೇ ಟೇಪಿನ ಮೇಲೆ ಸುರಿದು ಒಂದೇ ಉಸಿರಿಗೆ ತಳ್ಳಬೇಕು. ನಡುವೆ ನಿಂತರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ರಾತ್ರಿಯಿಡೀ ಒಣಗಲಿ, ಮಳೆಗಾಲದಲ್ಲಿ ಇನ್ನೊಂದು ದಿನ ಹೆಚ್ಚಿಗೆ.

ಚಿಕ್ಕವರಿಗಾಗಿ ದೊಡ್ಡವರ ಕ್ಲಬ್ ಕತ್ತರಿಸುವ ರೂಢಿ ಮಾತ್ರ ಬೇಡ. 7 ಐರನ್ನಿನ ತಲೆಯೊಂದೇ ಸುಮಾರು 270 ಗ್ರಾಂ ತೂಗುತ್ತದೆ. ಶಾಫ್ಟ್ ಗಿಡ್ಡವಾದಷ್ಟೂ ಬಿರುಸಾಗುತ್ತದೆ, ಹಿಡಿಕೆ ದಪ್ಪ ಹಾಗೇ ಉಳಿಯುತ್ತದೆ. ಹತ್ತು ವರ್ಷದ ಮಗುವಿಗೆ ಅದು ಬಗ್ಗದ ಸಲಾಕೆ. ಭಾರ ಎಳೆಯಲಾರದೆ ಮಗು ಸೊಂಟದಿಂದ ತೂಗಾಡಿ ಹೊಡೆಯಲು ಕಲಿಯುತ್ತದೆ, ಆ ಅಭ್ಯಾಸ ಬಿಡಿಸಲು ಪ್ರೊಗೆ ವರ್ಷ ಬೇಕು. ಮಕ್ಕಳಿಗೆಂದೇ ಮಾಡಿದ ಸೆಟ್ಟು ದುಬಾರಿ ನಿಜ, ಆದರೆ ಯುಎಸ್ ಕಿಡ್ಸ್‌ನಂಥವರು ವಯಸ್ಸು ನೋಡದೆ ಎತ್ತರ ನೋಡಿ, ಪ್ರತಿ 3 ಇಂಚಿಗೆ ಒಂದು ಅಳತೆ ಮಾಡುತ್ತಾರೆ. ಆರೆಂಟು ಸೆಟ್ಟುಗಳನ್ನು ಕ್ಲಬ್ಬೇ ಕೊಂಡಿಟ್ಟು ಬಾಡಿಗೆಗೆ ಕೊಟ್ಟರೆ ಮಗು ಬೆಳೆದಂತೆ ಸೆಟ್ ಬದಲಿಸುವ ಚಿಂತೆ ಪಾಲಕರಿಗಿಲ್ಲ.

ದೊಡ್ಡ ಮಕ್ಕಳಿಗೆ ನಿಜವಾದ ಚೆಂಡು ಹೊಡೆಯಲು ನೆಟ್ ಕಟ್ಟುವುದಾದರೆ ಒಂದೇ ಎಚ್ಚರ: ಇದ್ದ ಕ್ರಿಕೆಟ್ ನೆಟ್ಟಿನ ಕಣ್ಣು ಅಳೆಯಿರಿ. 45 ಮಿ.ಮೀ. ಕಣ್ಣಿನ ಬಲೆಯಲ್ಲಿ ಕ್ರಿಕೆಟ್ ಚೆಂಡು ನಿಲ್ಲುತ್ತದೆ, 42.67 ಮಿ.ಮೀ.ನ ಗಾಲ್ಫ್ ಚೆಂಡು ಪಾರಾಗಿ ಆಚೆ ಹೋಗುತ್ತದೆ. 25 ಮಿ.ಮೀ. ಅಥವಾ ಅದಕ್ಕಿಂತ ಚಿಕ್ಕ ಕಣ್ಣಿರಲಿ, ಬಿಗಿಯಾಗಿ ಎಳೆಯದೆ ಸಡಿಲ ಇಳಿಬಿಡಿ. ಬಿಗಿದ ಬಲೆ ಚೆಂಡನ್ನು ಹೊಡೆದವನ ಮುಖಕ್ಕೇ ವಾಪಸ್ ಕಳಿಸುತ್ತದೆ.

ಇನ್ನು ಪ್ರೊನ ಸ್ವಂತ ಹೊಟ್ಟೆಪಾಡಿನ ಮಾತು. ಕ್ಲಬ್ ಪ್ರೊ ಬದುಕುವುದು ಪಾಠದ ಶುಲ್ಕ, ರಿಪೇರಿ, ಒಂದಿಷ್ಟು ಅಂಗಡಿ ವ್ಯಾಪಾರದಿಂದ. ಟಿವಿಯಲ್ಲಿ ಕಾಣುವ ಟೂರ್ ಆಟಗಾರನ ಬಹುಮಾನಕ್ಕೂ ಅವನಿಗೂ ಸಂಬಂಧವಿಲ್ಲ. ಶಾಲೆಯ ಎರಡು ಪಿರಿಯಡ್ ಎಂದರೆ ಹೋಗಿಬರುವುದೂ ಸೇರಿ ಅರ್ಧ ದಿನ. ಆದ್ದರಿಂದ ಕಿಟ್ಟಿನ ಬೆಲೆ ಚೀಟಿ ನೋಡಿ ತೀರ್ಮಾನಿಸಬಾರದು. ಕಿಟ್ಟಿನ ಬೆಲೆ, ವರ್ಷದ ರಿಪೇರಿ, ಪೆಟ್ರೋಲ್ ಮೂರನ್ನೂ ಕೂಡಿಸಿ, ಮಕ್ಕಳ ಸಂಖ್ಯೆಯನ್ನು ತರಗತಿಗಳ ಸಂಖ್ಯೆಯಿಂದ ಗುಣಿಸಿ ಬಂದದ್ದರಿಂದ ಭಾಗಿಸಿ. 48 ಮಕ್ಕಳಿಗೆ ಎಂಟು ವಾರ, ವಾರಕ್ಕೆರಡು ಪಿರಿಯಡ್ ಆದರೆ ಒಂದು ಶಾಲೆಯಲ್ಲೇ 768 ಮಗು-ತರಗತಿ. ಒಂದೇ ಕಿಟ್ ಮೂರು ಶಾಲೆ ಸುತ್ತಿದರೆ 2304. ಇಷ್ಟಕ್ಕೆ ಹಂಚಿದಾಗ ಯಾವ ಕಿಟ್ಟೂ ದುಬಾರಿ ಅನಿಸುವುದಿಲ್ಲ. ಒಂದೇ ಶಾಲೆಗೆ ದಾನ ಕೊಟ್ಟು ಫೋಟೊ ತೆಗೆಸಿಕೊಂಡ ಕಿಟ್ ಹೆಡ್‌ಮಾಸ್ತರರ ಕಪಾಟು ಸೇರಿ ಬೀಗ ಹಾಕಿಸಿಕೊಳ್ಳುತ್ತದೆ. ಕಿಟ್ ಪ್ರೊನ ಬಳಿಯೇ ಇರಬೇಕು, ಊರಾಡಬೇಕು.

ಪಿ.ಇ. ಮೇಷ್ಟ್ರಿಗೆ ಎರಡು ದಿನ, ದಿನಕ್ಕೆರಡು ತಾಸು ತರಬೇತಿ ಕೊಟ್ಟರೆ ವಾರದ ಒಂದು ಪಿರಿಯಡ್ ಅವರೇ ನಡೆಸುತ್ತಾರೆ. ಮೇಷ್ಟ್ರು ತಾವೂ ಗಾಲ್ಫ್ ಆಡುವವರಾಗಿದ್ದರೆ ಸಂಬಳಕ್ಕೆ ಕಲಿಸಿದರೆ ಅಮೆಚೂರ್ (ಹವ್ಯಾಸಿ) ಸ್ಥಾನ ಹೋಗುತ್ತದಾ ಎಂದು ಕೇಳುತ್ತಾರೆ. ಹೋಗುವುದಿಲ್ಲ. ಶಾಲೆಯ ನೌಕರರಾಗಿ ಕಲಿಸುವಾಗ ಗಾಲ್ಫಿಗೆ ಹೋಗುವ ಸಮಯ ಒಟ್ಟು ಕೆಲಸದ ಅರ್ಧಕ್ಕಿಂತ ಕಡಿಮೆ ಇದ್ದರೆ ನಿಯಮದಲ್ಲಿ ಅವಕಾಶವಿದೆ. ಹೊರಗೆ ಫೀ ತೆಗೆದುಕೊಂಡು ಕಲಿಸಿದರೆ ಮಾತ್ರ ತೊಂದರೆ.

ಎಂಟು ವಾರ ಮುಗಿದ ಮೇಲೆ ಏನು ಎಂಬ ಪ್ರಶ್ನೆಗೆ ಯಾವ ಚೀಲದಲ್ಲೂ ಉತ್ತರವಿಲ್ಲ, ಇರಲು ಸಾಧ್ಯವೂ ಇಲ್ಲ. ಬೆಂಗಳೂರಿನ ದೊಡ್ಡ ಕೋರ್ಸುಗಳು ರಸ್ತೆಯಲ್ಲಿ ಸುಮಾರು 500 ಕಿ.ಮೀ. ದೂರ. ಸೇನೆಯ ಜಾಗದ ಮೈದಾನಕ್ಕೆ ಮಕ್ಕಳನ್ನು ಕರೆದೊಯ್ಯಬೇಕಾದರೆ ಅನುಮತಿ ಪತ್ರ, ಹೆಸರು ಪಟ್ಟಿ, ಗುರುತು ಚೀಟಿ ಬೇಕಾಗುತ್ತವೆ. ಕಾಗದಪತ್ರದ ಕೆಲಸವನ್ನು ಎಂಟನೇ ವಾರಕ್ಕಲ್ಲ, ಮೊದಲ ವಾರದಲ್ಲೇ ಶುರು ಮಾಡಬೇಕು. ಕೋರ್ಸಿಗೆ ಹೋದ ದಿನ 2019ರ ನಿಯಮಗಳು ಮಕ್ಕಳಿಗೆ ಅನುಕೂಲ. ಪಟ್ ಹಾಕುವಾಗ ಕುಳಿಯಲ್ಲಿ ಬಾವುಟ ಇದ್ದರೂ ದಂಡವಿಲ್ಲ, ಕಳೆದ ಚೆಂಡು ಹುಡುಕಲು ಐದರ ಬದಲು ಮೂರೇ ನಿಮಿಷ, ಡ್ರಾಪ್ ಮಾಡುವುದು (ಚೆಂಡನ್ನು ಕೈಯಿಂದ ಬೀಳಿಸಿ ಮತ್ತೆ ಆಟಕ್ಕೆ ತರುವುದು) ಭುಜದೆತ್ತರದ ಬದಲು ಮೊಳಕಾಲೆತ್ತರದಿಂದ. ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ಹೇಳುವ ಸಂಖ್ಯೆ) ಬೇಕೆನ್ನುವ ಮಗುವಿಗೆ 2020ರಿಂದ ಗರಿಷ್ಠ ಮಿತಿ 54.0, ಒಟ್ಟು 54 ಕುಳಿಗಳ ಅಂಕ ಒಪ್ಪಿಸಿದರೆ ಸಾಕು. ಶಾಲೆಯಲ್ಲಿ ಮಾರ್ಕರ್ ಆಗಿ ಸಹಿ ಹಾಕಿ ಗೊತ್ತಿರುವ ಮಕ್ಕಳಿಗೆ ಆ ಕಾರ್ಡು ಹೊಸದಲ್ಲ.

ಕಿಟ್ ಮಾರುವವರ ಚಿತ್ರಪುಸ್ತಕದಲ್ಲಿ ಸಮವಸ್ತ್ರದ ಮಕ್ಕಳೇ ಇರುತ್ತಾರೆ. ಈ ದೇಶದ ಗಾಲ್ಫ್ ಬೆಳೆದದ್ದು ಆ ದಾರಿಯಲ್ಲಿ ಮಾತ್ರವಲ್ಲ. 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯ ವೃತ್ತಿಪರ ಆಟಗಾರ ಅಲಿ ಶೇರ್ ದೆಹಲಿಯಲ್ಲಿ ಕ್ಯಾಡಿಯಾಗಿದ್ದವರು (ಆಟಗಾರರ ಚೀಲ ಹೊರುವವರು). 2009ರಲ್ಲಿ ಅದೇ ಪ್ರಶಸ್ತಿ ಗೆದ್ದ ಸಿ. ಮುನಿಯಪ್ಪ ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದವರು. ಕೋರ್ಸಿನಲ್ಲಿ ದುಡಿಯುವ ಕ್ಯಾಡಿ, ಮಾಲಿಗಳ ಮಕ್ಕಳಿಗೆ ಅನುಮತಿ ಪತ್ರದ ರಗಳೆ ಅಷ್ಟಿಲ್ಲ, ಬಸ್ಸೂ ಬೇಡ. ಭಾನುವಾರ ಸಂಜೆ ಶಾಲೆಗಳಿಗೆ ರಜೆ, ಕಿಟ್ ಹೇಗೂ ಪ್ರೊನ ಶೆಡ್ಡಿನಲ್ಲೇ ಬಿದ್ದಿರುತ್ತದೆ. ಶನಿವಾರ ಬ್ರಷ್ ಹೊಡೆದು ಕುತ್ತಿಗೆ ನೋಡಿಟ್ಟ ಚೀಲವನ್ನು ಅವತ್ತು ಅವರಿಗೆ ಬಿಚ್ಚಿಕೊಡಿ.